ಎಕ್ಸ್‌ಪಿ ಕೂರಲೊಲ್ಲದು

ಲ್ಯಾಪ್‌ಟಾಪಿನ ಪರದೆ ಮತ್ತೆ ಕಪ್ಪಾಯಿತು. ತಲೆಯ ಮೇಲಿನ ಬಲ್ಬು ಮಾತ್ರ ಏನೂ ಆಗದಂತೆ ಉರಿಯುತ್ತಿತ್ತು.

“ಕರೆಂಟು ಹೋಗ್ಲಿಲ್ಲ. ಇದೊಂದೇ ಎಂತಕ್ಕೆ ಸಾಯ್ತದೆ?” ಎಂದು ಗಂಗೆ ಮಗಳನ್ನು ದುರುಗುಟ್ಟಿ ನೋಡಿದಳು.

ವೈಜಯಂತಿ ಮುಡಿಯ ಅಬ್ಬಲಿಗೆ ಹೂವು ಸರಿಮಾಡಿಕೊಂಡಳು. “ನನ್ನ ಕೇಳಿದ್ರೆ?”

ಕಾರವಾರದಿಂದ ಬಂದಿದ್ದ ಕಂಪ್ಯೂಟರ್ ರಿಪೇರಿಯ ತುಳಸಿದಾಸ ಎಲ್ಲರಿಗಿಂತ ಮೊದಲು ಮೇಜಿನಡಿ ಬಗ್ಗಿ ವಯರು ಸರಿಪಡಿಸಿದ. “ಪ್ಲಗ್ಗು ಸಡಿಲ ಇರ್ಬೇಕು ಅಕ್ಕಾ. ಇನ್ನು ಮೊದಲಿಂದ ಆಗ್ಬೇಕು. ಬಸ್ಸಿಗೆ ಹೊತ್ತಾಯ್ತು, ಮುಂದಿನ ಆಯ್ತವಾರ ಬರ್ತೆ.”

ಅದು ಗೋವಾದ ಹೋಟೆಲ್ಲೊಂದು ಹಳತೆಂದು ಮಾರಿದ ಯಂತ್ರ. ಬ್ಯಾಟರಿ ಎಂದೋ ಸತ್ತಿತ್ತು. ವಯರು ಕಳಚಿದರೆ ಯಂತ್ರವೂ ಸತ್ತಂತೆ. ಒಳಗಿದ್ದದ್ದು ವಿಂಡೋಸ್ ತೊಂಬತ್ತೆಂಟು. ಅಂಕೋಲೆಯ ಪ್ರೆಸ್ಸೊಂದು ವೈಜಯಂತಿಗೆ ಅವರ್ಸಾದ ಮನೆಯಲ್ಲೇ ಕೂತು ಟೈಪು ಮಾಡುವ ಕೆಲಸ ಕೊಡಲು ಒಪ್ಪಿತ್ತು. ಆದರೆ ಅವರ ಕನ್ನಡ ತಂತ್ರಾಂಶಕ್ಕೆ ಅದಕ್ಕಿಂತ ಹೊಸದಾದ ವಿಂಡೋಸ್ ಎಕ್ಸ್‌ಪಿಯೇ ಬೇಕು. ಇಷ್ಟು ಹಳೆಯದರಲ್ಲಿ ಅದು ಕೂರುವುದಿಲ್ಲವೆಂದು ಲ್ಯಾಪ್‌ಟಾಪು ಮಾಡಿದವರೇ ಕೈತೊಳೆದುಕೊಂಡಿದ್ದರು. “ಕೂರಿಸ್ತೆ” ಎಂದವನು ತುಳಸಿದಾಸ ಒಬ್ಬನೇ. ಮೆಮರಿ ಹೆಚ್ಚಿಸಿದ. ಎಲ್ಲೆಲ್ಲೋ ಹುಡುಕಿ ಅದಕ್ಕೆ ಬೇಕಾದ ಡ್ರೈವರ್ ಫೈಲುಗಳನ್ನು ತಂದ.

ಮೊದಲ ಸಲ ಮಧ್ಯಾಹ್ನದ ಬಸ್ಸಿಗೇ ಬಂದಿದ್ದ. ಫೈಲುಗಳು ಒಂದೊಂದಾಗಿ ಒಳಗಿಳಿಯುವಷ್ಟರಲ್ಲಿ ದೇವರಿಗೆ ದೀಪ ಹಚ್ಚುವ ಹೊತ್ತಾಯಿತು. ಕಾಯುವವನ ಬೇಸರ ಕಳೆಯಲೆಂದು ಅಜ್ಜಿ ಹೊನ್ನಿ ಕಥೆ ಹಿಡಿದಳು. ಏಡಿಯನ್ನು ಮದುವೆಯಾದ ಹುಡುಗಿಯ ಕಥೆ. ಕೇಳುವವರು ಹ್ಞೂಂಗುಟ್ಟದಿದ್ದರೆ ಅಜ್ಜಿ ಮುಂದೆ ಹೇಳುವವಳಲ್ಲ. ಟಿವಿ ಬಂದ ಮೇಲೆ ಆ ಮನೆಯಲ್ಲಿ ಹ್ಞೂಂಗುಟ್ಟುವವರೇ ಇರಲಿಲ್ಲ. ತುಳಸಿದಾಸ ಪಾಪ, ಮರ್ಯಾದೆಗೆ ಹ್ಞೂಂಗುಟ್ಟಿದ. ಆ ದಿನ ಕಥೆಯೂ ಅರ್ಧಕ್ಕೆ ನಿಂತಿತು, ಎಕ್ಸ್‌ಪಿಯೂ.

ಎರಡನೆಯ ವಾರದಿಂದ ಅವನು ಸಂಜೆ ಬಸ್ಸು ಹಿಡಿದ.

“ಬೆಳಕಿರುವಾಗ ಬರೂಕೆ ಎಂತಾಗ್ತದೆ ಅವನಿಗೆ?” ಗಂಗೆ ಗೊಣಗಿದಳು.

“ಹಗಲಿಗೆ ಬಂದು ಎಂತ ಮಾಡೂದು?” ಎಂದಳು ಅಜ್ಜಿ. “ಹಗಲಿಗೆ ಕಥೆ ಹೇಳಿದ್ರೆ ದಾರಿಲಿ ಹೋಗುವವರಿಗೆ ದಾರಿ ತಪ್ತದೆ.”

“ನಿಮಗೆ ಕಥೆದೇ ಚಿಂತೆ ಅತ್ತೆ. ನಂಗೆ ಮಗಳ ಚಿಂತೆ.”

ಗಂಗೆಯ ಲೆಕ್ಕ ನೇರವಾಗಿತ್ತು. ಹುಡುಗ ಚಂದ ಇದ್ದಾನೆ. ಮಗಳು ಇದ್ದಕ್ಕಿದ್ದಂತೆ ಅಬ್ಬಲಿಗೆ ಮುಡಿಯತೊಡಗಿದ್ದಾಳೆ. ಅವನು ಮತ್ತೆ ಮತ್ತೆ ಬರಲಿ ಎಂದು ವಯರು ಕೀಳುವವಳೂ ಇವಳೇ.

ವೈಜಯಂತಿಯ ಲೆಕ್ಕ ಬೇರೆ. ಪ್ಲಗ್ಗಂತೂ ಸಡಿಲವೇ. ಆದರೆ ಅವನು ಪರದೆ ನೋಡುವುದೇ ಇಲ್ಲ. ಕಣ್ಣೆಲ್ಲ ಈ ಕಡೆಗೆ. ಅಜ್ಜಿಯ ಪಕ್ಕದಲ್ಲಿ ಕೂತವಳು ತಾನಲ್ಲದೆ ಇನ್ಯಾರು? ಕಳೆದ ವಾರ ಅವನು ಹೊರಡುವಾಗ ಮೆಲ್ಲಗೆ ಕೇಳಿದ್ದಳು: “ನಮ್ಮನೆಗೆ ಬರೂದು ಬೇಜಾರಾ?” ಎಲ್ಲೋ ನೋಡುತ್ತಿದ್ದವನು “ಹ್ಞೂಂ” ಎಂದು, ತಟ್ಟನೆ “ಅಲ್ಲ, ಇಲ್ಲ” ಎಂದು ಕೆಂಪಾಗಿದ್ದ. ಆ ಕೆಂಪಿನಲ್ಲೇ ಅವಳ ವಾರವಿಡೀ ಕಳೆದಿತ್ತು.

ಕೊನೆಯ ಆಯ್ತವಾರ ಬಂತು. ಬೆಳಗಾಗುವುದರೊಳಗೆ ಎಕ್ಸ್‌ಪಿ ಕೂರದಿದ್ದರೆ ಪ್ರೆಸ್ಸಿನವರು ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ವೈಜಯಂತಿ ಗೋಡೆಗೊರಗಿ ಕೂತು ಪ್ಲಗ್ಗನ್ನು ಅಂಗೈಯಿಂದ ಒತ್ತಿ ಹಿಡಿದಳು. ಗಂಗೆ ಆ ಕೈಯ ಮೇಲೇ ಕಣ್ಣಿಟ್ಟಳು. ತುಳಸಿದಾಸ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದು, ಸೀಡಿ ಹಾಕಿ, ಬರಿಗಾಲನ್ನು ಮೇಜಿನಡಿ ಚಾಚಿದ. ಅಜ್ಜಿ ಎಲೆ ಅಡಿಕೆಯ ಕವಳ ಬಾಯಿಗಿಟ್ಟಳು.

“ಏಡಿ ಗಂಡ ಸಮುದ್ರಕ್ಕೆ ಹೊರಟ. ಗಡಿಗೆ ಮುಚ್ಚಳ ಮಾತ್ರ ತೆಗೀಬೇಡ ಹೇಳಿ ಹೋದ. ಹುಡುಗಿ ಕೇಳ್ತದ್ಯಾ?”

“ಹ್ಞೂಂ... ಇಲ್ಲ.”

“ಕೇಳೂದಿಲ್ಲ. ಗಡಿಗೆ ಹತ್ರ ಹೋದ್ಲು. ಮುಚ್ಚಳ ಎತ್ತಿದ್ಲು. ಒಳಗೆ ನೋಡ್ತಾಳೆ, ಅಬ್ಬಾ!”

ಇನ್ನು ಒಂಬತ್ತೇ ನಿಮಿಷ ಎಂದಿತು ಪರದೆ. ಅಜ್ಜಿ ಎದ್ದಳು. “ಇವತ್ತಿಗೆ ಸಾಕು. ಸೊಂಟ ಹಿಡೀತು.”

ಪರದೆ ಕಪ್ಪಾಯಿತು.

“ಸಿಕ್ಕಿಬಿದ್ಲು!” ಗಂಗೆ ಕೂಗಿದಳು. “ಕೈ ಅಲ್ಲೇ ಇದೆ ನೋಡಿ ಇವಳದ್ದು!”

ವೈಜಯಂತಿಗೆ ಅಳು ಬಂತು. ಮೆಲ್ಲಗೆ ಕೈ ತೆಗೆದಳು. ಪ್ಲಗ್ಗು ಅಲುಗದೆ ಕೂತಿತ್ತು. ಪಕ್ಕದಲ್ಲಿ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. 

ಅಜ್ಜಿ ಹೊರಗೆ ಹೋಗಿ ಕವಳ ಉಗಿದು ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. “ತಮಾ, ಬಸ್ಸು ತಪ್ಪಿದ್ರೆ ಜಗಲಿ ಮೇಲೆ ಮಲ್ಕೊ. ಮೊದಲು ಇವಳ ಕೆಲಸ ಪೂರಾ ಮಾಡು. ಗಡಿಗೆ ಒಳಗೆ ಎಂತ ಇತ್ತು ಹೇಳಿ ಆಮೇಲೆ ಹೇಳ್ತೆ.”

“ಹ್ಞೂಂ,” ಎಂದ ತುಳಸಿದಾಸ, ಕಾಲಿನ ಹೆಬ್ಬೆರಳಿಗೆ ಸುತ್ತಿದ್ದ ವಯರನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ.