ಗೋಡೆಯ ಮೇಲಿನ ಮತದಾರರು

ಹೊಸ ಬಡಾವಣೆಗಳಲ್ಲಿ ಮುಂದೆ ವಾಸಿಸಲಿರುವವರಿಗೂ ಮತದ ಹಕ್ಕು ಬಂದು ವರ್ಷಗಳಾಗಿದ್ದವು. ಯಂತ್ರವೊಂದು ಅವರನ್ನು ಊಹಿಸಿ ನಗರಸಭೆಯ ಗೋಡೆಯ ಮೇಲೆ ಮೂಡಿಸುತ್ತಿತ್ತು. ಅಂದು ಬಸಾಪುರದ ಕೆರೆ ಮುಚ್ಚಿ ಬಡಾವಣೆ ಕಟ್ಟುವ ವಿಷಯ ಬಂದಾಗ ಗೋಡೆಯ ತುಂಬ ಕೈಗಳೆದ್ದವು. ಎದುರು ಕುಳಿತಿದ್ದ ಕೆರೆದಂಡೆಯ ಜನ ಅವರ ಮುಂದೆ ಬೆರಳೆಣಿಕೆಯಷ್ಟೇ ಇದ್ದರು.

“ಬಹುಮತ ಅವರದ ಐತಿ, ಮುಗೀತು,” ಎಂದರು ಅಧ್ಯಕ್ಷ ಶರಣಪ್ಪ ಪಟ್ಟೇದ.

ಕೆರೆದಂಡೆಯ ಅಂಗನವಾಡಿ ಶಿಕ್ಷಕಿ ಇಂದುಮತಿ ಸಿಟ್ಟಿನಿಂದ ಎದ್ದು ನಿಂತಳು. “ಇನ್ನೂ ಹುಟ್ಟದವರ ಮಾತು ಕೇಳ್ತೀರಿ. ಬದುಕಿದ್ದವರು ನಿಮ್ಮ ಕಣ್ಣಿಗೆ ಕಾಣಂಗಿಲ್ಲೇನ್ರಿ?”

ಅವಳು ಗೋಡೆಯತ್ತ ತಿರುಗಿ, ಕೂಸನ್ನೆತ್ತಿಕೊಂಡೇ ಕೈ ಎತ್ತಿದ್ದ ಹೆಂಗಸೊಬ್ಬಳನ್ನು ಕೇಳಿದಳು: “ಯವ್ವಾ, ಆ ಮನ್ಯಾಗ ಆರಾಮ ಇರ್ತೀಯೇನು?”

“ಮಳಿ ಬಂತಂದ್ರ ಅಡಗಿಮನಿಗೆ ನೀರು ನುಗ್ತೈತಿ ಅಕ್ಕಾ. ಕೂಸಿನ್ನ ಎತ್ಕೊಂಡು ಮಾಳಿಗಿ ಹತ್ತತೀನಿ.”

“ಮತ್ಯಾಕ ಕೈ ಎತ್ತೀದಿ?”

“ಮನಿ ಬೇಕೇನು ಅಂತಷ್ಟ ಕೇಳಿದ್ರು. ಕೆರಿ ಸುದ್ದಿ ಯಾರೂ ಹೇಳಲಿಲ್ಲ.”

ಅಧ್ಯಕ್ಷರು ಸನ್ನೆ ಮಾಡಿದರು. ಗೋಡೆ ಆರಿಹೋಯಿತು. “ಠರಾವು ಪಾಸಾತು,” ಎಂದರು.

ಇಂದುಮತಿ ವೇದಿಕೆ ಹತ್ತಿದಳು. ತಡೆಯಲು ಬಂದ ಸಿಬ್ಬಂದಿಗೆ ಕೆರೆದಂಡೆಯ ಹೆಂಗಸರು ಅಡ್ಡ ನಿಂತರು. ಅವಳೇ ಯಂತ್ರದ ಗುಂಡಿ ಒತ್ತಿದಳು. ಗೋಡೆಯ ಮೇಲೆ ಮುಖಗಳು ಮತ್ತೆ ಮೂಡಿದವು.

“ಕೆರಿ ಮುಚ್ಚಿ ಕಟ್ಟಿದ ಮನಿ ಯಾರಿಗೆ ಬೇಕು? ಕೈ ಎತ್ರಿ!” ಎಂದು ಕೂಗಿದಳು.

ಗೋಡೆಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಸಭೆಯಲ್ಲಿ ಮೇಲೆದ್ದದ್ದು ಅಧ್ಯಕ್ಷರ ಕೈಯೊಂದೇ.