ಗುಬ್ಬಿ ಮೇವು

ಭವಾನಿ ಸ್ಟೀಲ್ ಲೋಟಕ್ಕೆ ಒಂದಿಷ್ಟು ಬಿಳಿ ವೈನ್ ಸುರಿದು ಮಾವನ ಮುಂದೆ ಹಿಡಿದಳು. ತಮ್ಮದೇ ಹೊಲದ ದ್ರಾಕ್ಷಿಯಿಂದ ಆದ ಮೊದಲ ಬಾಟಲಿ ಅದು. ವೈನರಿಯವರು ಬೆಳಿಗ್ಗೆ ಕಳಿಸಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಮಾವ ದೊಡ್ಡಬಸಪ್ಪ, ಮದ್ಯ ಹೊಸ್ತಿಲು ದಾಟಕೂಡದೆಂದು ಕಡ್ಡಿ ಮುರಿದಂತೆ ಹೇಳಿದ್ದರಿಂದ ಬಾಟಲಿ ಅಂಗಳದ ಕಟ್ಟೆಯ ಮೇಲೇ ಕೂತಿತ್ತು.

“ಕುಡಿಯೂದು ಬ್ಯಾಡ್ರಿ ಮಾವಾರ. ಬರೇ ಮೂಸಿ ನೋಡ್ರಿ.”

ಶೆನಿನ್ ಬ್ಲಾಂಕ್ ಎಂಬ ಆ ದ್ರಾಕ್ಷಿಯನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಕುಕನೂರಿನ ಬೀಗರು ಬಂದರೆ ತಟ್ಟೆಗೆ ಉದ್ದನೆಯ ಸಿಹಿ ದ್ರಾಕ್ಷಿಯನ್ನೇ ಹಾಕಿಸುತ್ತಿದ್ದರು. ಸೊಸೆ ಹಟ ಹಿಡಿದು ಬೆಳೆಸಿದ ಈ ಪುಟ್ಟ, ಬೀಜದ ಹಣ್ಣು ಅವರ ಬಾಯಲ್ಲಿ ‘ಗುಬ್ಬಿ ಮೇವು’. ತಿನ್ನುವ ದ್ರಾಕ್ಷಿಗೆ ಮಾಡುವಂತೆ ಇದರ ಗೊನೆಗಳನ್ನೂ ದಪ್ಪಗಾಗಿಸುವ ಔಷಧದಲ್ಲಿ ಅದ್ದಲು ಬಕೆಟ್ ಹಿಡಿದು ಹೊರಟಿದ್ದರು. ಭವಾನಿ ಸಾಲಿಗೆ ಅಡ್ಡ ನಿಂತು, “ಇವು ಸಣ್ಣ ಇದ್ರನ ವೈನಿಗೆ ಛಲೋರಿ” ಎಂದು ತಡೆದಿದ್ದಳು.

ದೊಡ್ಡಬಸಪ್ಪ ಲೋಟವನ್ನು ಮೂಗಿನ ಹತ್ತಿರ ತಂದರು. ಸಿಂಡರಿಸಿಕೊಳ್ಳಲು ಸಜ್ಜಾಗಿದ್ದ ಮುಖ ಹಾಗೇ ನಿಂತಿತು. ಮತ್ತೊಮ್ಮೆ, ಈ ಸಲ ಕಣ್ಣು ಮುಚ್ಚಿ ಮೂಸಿದರು.

“ಪ್ಯಾರಲಹಣ್ಣು,” ಅಂದರು. “ಅದರ ಹಿಂದ ಜೇನು. ಇಷ್ಟೆಲ್ಲಾ ಆ ಸಣ್ಣ ಹಣ್ಣಿನಾಗ ಇತ್ತೇನವಾ?”

“ಇತ್ತರಿ,” ಎಂದಳು ಭವಾನಿ. ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತಳು.

ಅವರು ಕಟ್ಟೆಯತ್ತ ನೋಡಿ ಹುಬ್ಬು ಗಂಟಿಕ್ಕಿದರು. “ಇದನ್ಯಾಕ ಬಿಸಲಾಗ ಇಟ್ಟೀದಿ? ಒಳಗ ಒಯ್ಯಿ. ನಾಳೆ ಬೀಗರು ಬರ್ತಾರ, ಅವರೂ ಮೂಸಿ ನೋಡ್ಲಿ.”