ಕಾಲುಂಗುರದ ಬೆರಳು

ಹೆಬ್ಬೆರಳ ಮೂಳೆಯ ಆಪರೇಷನ್ನಿಗೆ ಮೈಯೆಲ್ಲ ಮಂಪರು ಬೇಡ, ಪಾದ ಮರಗಟ್ಟಿಸಿದರೆ ಸಾಕು ಎಂದಾಗ ಅಂಬುಜಮ್ಮ ಖುಷಿಯಿಂದಲೇ ಒಪ್ಪಿದರು. ಪಕ್ಕದ ಬೆರಳಿನ ಕಾಲುಂಗುರ ತೆಗೆಯಬೇಕು ಎಂದಾಗ ಮಾತ್ರ ಮುಖ ಊದಿಸಿಕೊಂಡರು.

“ಹೊರಗೆ ಕೂತಿದ್ದಾರಲ್ಲ, ಅವರು ತೊಡಿಸಿದ್ದು ಡಾಕ್ಟ್ರೇ. ಬೇರೆ ಯಾರಾದ್ರೂ ಕೈ ಹಚ್ಚಿದ್ರೆ ಎದ್ದು ಹೋಗ್ತೀನಿ.”

“ಆಯ್ತಮ್ಮ, ಆಸ್ಪತ್ರೆಯವರು ಯಾರೂ ಮುಟ್ಟಲ್ಲ,” ಎನ್ನುತ್ತಾ ಡಾಕ್ಟರು ಪಾದದ ಗಂಟಿನ ಸುತ್ತ ಸೂಜಿ ಚುಚ್ಚಿದರು.

ಎದೆಯ ಹತ್ತಿರ ಹಸಿರು ಪರದೆ ಅಡ್ಡ ಬಂತು. ಆಮೇಲೆ ಕಾಲು ತನ್ನದೋ ಮಂಚದ್ದೋ ಎಂದು ಅಂಬುಜಮ್ಮನಿಗೆ ತಿಳಿಯಲಿಲ್ಲ. ಬಾಯಿ ಮಾತ್ರ ಚೆನ್ನಾಗಿಯೇ ಇತ್ತು. ಆಪರೇಷನ್ ಮುಗಿಯುವಷ್ಟರಲ್ಲಿ ಡಾಕ್ಟರಿಗೆ ಮಜ್ಜಿಗೆ ಹುಳಿ ಮಾಡುವುದನ್ನು ಕಲಿಸಿಬಿಟ್ಟಿದ್ದರು.

ಪರದೆ ಸರಿಯಿತು. ಬ್ಯಾಂಡೇಜಿನಿಂದ ಇಣುಕುತ್ತಿದ್ದ ಕಿರುಬೆರಳಿನಲ್ಲಿ ಕಾಲುಂಗುರ ಸಡಿಲವಾಗಿ ನೇತಾಡುತ್ತಿತ್ತು.

“ತೆಗೆದೇಬಿಟ್ರಲ್ಲ!”

“ನಾವ್ಯಾರೂ ಮುಟ್ಟಿಲ್ಲಮ್ಮ,” ಎಂದು ಡಾಕ್ಟರು ನಗು ತಡೆದುಕೊಂಡರು.

ಅಂಬುಜಮ್ಮ ಉಂಗುರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹಸಿರು ಗೌನು ತೊಟ್ಟು, ಕಣ್ಣಷ್ಟೇ ಕಾಣುವಂತೆ ಮಾಸ್ಕು ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದವರತ್ತ ತಿರುಗಿದರು.

“ಮದುವೆ ಮಂಟಪದಲ್ಲೂ ಕಿರುಬೆರಳಿಗೇ ಸಿಕ್ಕಿಸಿದ್ರಿ. ಇಷ್ಟು ವರ್ಷವಾದ್ರೂ ಯಾವ ಬೆರಳು ಅಂತ ಗೊತ್ತಾಗಲಿಲ್ವೇನ್ರೀ?”